ಆಂದೋಲನ ಎಷ್ಟು ದಿನದಿಂದ ಇದೆ?

ನಾನು ನಿವೃತ್ತನಾದಾಗ ನನಗೆ ಮೂವತ್ತೊಂದು ವರ್ಷ. ಹಾರ ಇಲ್ಲ, ಶಾಲು ಇಲ್ಲ, ಹಣ್ಣಿನ ಬುಟ್ಟಿ ಇಲ್ಲ. ಅನಂತಪುರದ ಆಫೀಸಿನಲ್ಲಿ ನನ್ನ ಕೈಯಿಂದ ಟ್ಯಾಬ್ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, "ಚಾರ್ಜರ್ ಎಕ್ಕಡ?" ಅಂದರು, ಚಾರ್ಜರ್ ಎಲ್ಲಿ ಅಂತ. ನನ್ನ ಬೀಳ್ಕೊಡುಗೆ ಭಾಷಣ ಅಷ್ಟೇ. ಆಂಧ್ರದಲ್ಲಿದ್ದೂ ಕನ್ನಡ ಮಾತಾಡುವ ನಮ್ಮೂರು ಅಮರಾಪುರಕ್ಕೆ ಬಂದು ಅಮ್ಮನಿಗೆ ಕೆಲಸ ಮುಗಿಯಿತು ಅಂದರೆ, "ಪೆನ್ಸನ್ ಎಷ್ಟು ಬತ್ತೈತೋ?" ಎಂದು ಕೇಳಿದಳು. ಈಗ ಬಸ್ ಸ್ಟ್ಯಾಂಡ್ ಎದುರು ಮೊಬೈಲ್ ರಿಪೇರಿ ಮಾಡುತ್ತೇನೆ. ಸತ್ತ ಫೋನು ತಂದವರಿಗೆ "ಎಷ್ಟು ದಿನದಿಂದ ಹೀಗಿದೆ, ದಿನಕ್ಕೆ ಎಷ್ಟು ಸಾರಿ ಹೀಗಾಗುತ್ತದೆ?" ಎಂದು ಹಳೇ ಅಭ್ಯಾಸದಲ್ಲಿ ಕೇಳಿ ಬೈಸಿಕೊಳ್ಳುತ್ತೇನೆ.

ಇದನ್ನು ಬರೆಯುತ್ತಿರುವುದು ಸರ್ವೆ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ. ಆಫರ್ ಲೆಟರಿನಲ್ಲಿ ನಿಮ್ಮನ್ನು ಫೀಲ್ಡ್ ಇನ್ವೆಸ್ಟಿಗೇಟರ್ ಎನ್ನುತ್ತಾರೆ. ಹೆಸರು ಕೇಳಿ ಉಬ್ಬಬೇಡಿ. ನನಗೆ ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿಯ ಸೋದರಮಾವ "ಗನ್ನು ಕೊಟ್ಟವ್ರಾ?" ಎಂದು ಕೇಳಿದ. ಇಲ್ಲ, ಟ್ಯಾಬು ಕೊಟ್ಟವರೆ ಅಂದೆ. ಸಂಬಂಧ ಅಲ್ಲಿಗೇ ಮುಗಿಯಿತು. ಓದುತ್ತಾ ನಗು ಬಂದರೆ ನಗಿ, ನಾನು ನಗಿಸಲು ಹುಟ್ಟಿದವನೇ. ಆದರೆ ಬರೆಯುವಾಗ ನನಗೆ ಮೈ ಉರಿಯುತ್ತಿದೆ, ಅದನ್ನೂ ತಿಳಿದುಕೊಂಡಿರಿ.

ನಮ್ಮ ಸಂಶೋಧನೆ ಇದ್ದದ್ದು ಮೂರು ವಿಷಯಗಳ ಮೇಲೆ. ಬೀಡಿ ಸಿಗರೇಟು ಸೇದುವುದು, ತಿಂಗಳುಗಟ್ಟಲೆ ಬಿಡದೆ ಕಾಡುವ ಬೆನ್ನು ಕುತ್ತಿಗೆ ನೋವು, ಮತ್ತು ಮನಸ್ಸಿನ ದಿಗಿಲು. ಮೂರೂ ಒಂದನ್ನೊಂದು ಹೇಗೆ ಎಳೆಯುತ್ತವೆ ಎಂದು ನೋಡಬೇಕು. ನೋವು ಬಂದರೆ ಮನುಷ್ಯ ಸೇದುತ್ತಾನೆ. ಸೇದಿದ ಗಳಿಗೆಗೆ ಹಗುರ ಅನಿಸುತ್ತದೆ. ಆಮೇಲೆ ದಿಗಿಲು ಹೆಚ್ಚುತ್ತದೆ, ದಿಗಿಲಿಗೆ ಮೈ ಬಿಗಿಯುತ್ತದೆ, ನೋವು ಮತ್ತೆ ಏಳುತ್ತದೆ, ಕೈ ಮತ್ತೆ ಬೀಡಿ ಕಟ್ಟಿಗೆ ಹೋಗುತ್ತದೆ. ಈ ಸುತ್ತು ಎಲ್ಲಿ ಶುರುವಾಗುತ್ತದೆ, ಎಲ್ಲಿ ಕತ್ತರಿಸಬಹುದು ಎಂದು ತಿಳಿಯುವುದು ಒಳ್ಳೆಯ ಕೆಲಸವೇ. ಇವತ್ತಿಗೂ ಒಳ್ಳೆಯ ಕೆಲಸ ಎನ್ನುತ್ತೇನೆ. ನನ್ನ ಸಿಟ್ಟು ಆ ಪ್ರಶ್ನೆಯ ಮೇಲಲ್ಲ, ಅದನ್ನು ಕೇಳಿದ ರೀತಿಯ ಮೇಲೆ.

ಮಡಕಶಿರಾ ಕಡೆ ಶುರು ಮಾಡಿದ ದಿನ ಮೊದಲ ಪ್ರಶ್ನೆಗೇ ಬಿದ್ದೆ. "ನೀವು ಧೂಮಪಾನ ಮಾಡುತ್ತೀರಾ?" ಎಂದು ಟ್ಯಾಬಿನಲ್ಲಿ ಇದ್ದ ಹಾಗೇ ಓದಿದೆ. ಕಿವಿ ಮೇಲೆ ಬೀಡಿ ಸಿಕ್ಕಿಸಿಕೊಂಡಿದ್ದ ಹಿರಿಯನೊಬ್ಬ ಕಿವಿ ಮುಟ್ಟಿಕೊಂಡು, "ಥೂ ಥೂ, ಅಂಥ ಚಟ ಇಲ್ಲ ಕಣಪ್ಪ. ಬೀಡಿ ಒಂದೇಯ" ಅಂದ. ನಾನು ಶ್ರದ್ಧೆಯಿಂದ "ಇಲ್ಲ" ಒತ್ತಿದೆ. ಆ ವಾರವೆಲ್ಲ ಒತ್ತಿದ್ದು ಅದೇ. ನನ್ನ ಲೆಕ್ಕದ ಪ್ರಕಾರ ಮಡಕಶಿರಾ ತಾಲೂಕಿನಲ್ಲಿ ಹೊಗೆ ಬರುತ್ತಿದ್ದದ್ದು ಸೌದೆ ಒಲೆಗಳಿಂದ ಮಾತ್ರ.

ಆಮೇಲೆ ಊದುವ ಮಿಷನ್ ಬಂತು. ಅದರ ಕೊಳವೆಗೆ ಉಸಿರು ಬಿಟ್ಟರೆ ಸೇದಿದ್ದಾರೋ ಇಲ್ಲವೋ ತೋರಿಸುತ್ತದೆ. ರತ್ನಗಿರಿಯಲ್ಲಿ ಜನ ಸಂತೆಗೆ ಹೊರಡುವ ಹೊತ್ತು ನೋಡಿ ರಸ್ತೆ ಬದಿ ನಿಂತೆ. ನನ್ನ ಗ್ರಹಚಾರಕ್ಕೆ ಆವತ್ತು ಖಾಕಿ ಬಣ್ಣದ ಪ್ಯಾಂಟು ಹಾಕಿದ್ದೆ. ಎದುರಿಗೆ ಬಂದ ಮೊದಲ ಬೈಕಿಗೆ ಮಿಷನ್ ತೋರಿಸಿ ಕೈ ಅಡ್ಡ ಹಿಡಿದೆ.

"ಲೇಯ್, ಪೊಲೀಸ್ನೋರು ಊದುಸ್ತವ್ರೆ! ತಿರುಗ್ಸೋ ಗಾಡೀನ!"

ಇಡೀ ರಸ್ತೆ ತಿರುಗಿತು. ಬೈಕು, ಆಟೋ, ಟ್ರಾಕ್ಟರು, ಎಮ್ಮೆ ಹೊಡೆದುಕೊಂಡು ಬರುತ್ತಿದ್ದವನು ಎಮ್ಮೆ ಸಮೇತ. ರತ್ನಗಿರಿ ಬೆಟ್ಟದ ಕೋಟೆಗೆ ಮುತ್ತಿಗೆ ಹಾಕಲು ಬಂದ ಯಾವ ಸೈನ್ಯವೂ ಅಷ್ಟು ಬೇಗ ಹಿಂದಕ್ಕೆ ಓಡಿರಲಾರದು. ಉಳಿದವನು ನಡೆದುಕೊಂಡು ಬರುತ್ತಿದ್ದ ಒಬ್ಬ ಮುದುಕ. "ಸಾಮಿ, ಬೆಳಗ್ಗಿಂದ ಒಂದ್ ತೊಟ್ಟೂ ಕುಡ್ದಿಲ್ಲ. ಬೀಡಿ ಸೇದೀನಿ ಅಷ್ಟೆ" ಎಂದು ಕೈ ಮುಗಿದ.

"ಅದೇ ಬೇಕಾಗಿರೋದು ಅಜ್ಜ!" ಅಂದೆ ಖುಷಿಯಿಂದ.

"ಅಯ್ಯೋ, ಬೀಡಿಗೂ ಫೈನ್ ಮಾಡ್ಬಿಟ್ರಾ?" ಎಂದು ಅವನೂ ಹೊಲಕ್ಕೆ ಇಳಿದುಬಿಟ್ಟ.

ನೋವು ಅಳೆಯುವುದು ಇನ್ನೊಂದು ಪಾಡು. ನಗುವ ಮುಖದಿಂದ ಅಳುವ ಮುಖದವರೆಗೆ ಸಾಲಾಗಿ ಚಿತ್ರಗಳು. ನಿಮ್ಮ ನೋವು ಯಾವ ಮುಖದ ಹಾಗಿದೆ ತೋರಿಸಿ ಅನ್ನಬೇಕು. ಸೊಂಟ ನೆಟ್ಟಗೆ ಮಾಡಲಾಗದೆ ಕೋಲು ಊರಿ ನಿಂತಿದ್ದ ಕುರಿ ಕಾಯುವ ಅಜ್ಜ ಬಹಳ ಹೊತ್ತು ನೋಡಿ ನಗುವ ಮುಖದ ಮೇಲೆ ಬೆರಳಿಟ್ಟ. "ಇವ್ನು ಚೆಂದಾಗವ್ನೆ. ಇವ್ನೇ ಇರ್ಲಿ ಬಿಡು." ರಾಯದುರ್ಗದ ಕಡೆ ಹತ್ತಕ್ಕೆ ಎಷ್ಟು ನೋವು ಅಂತ ಕೇಳಿದರೆ, "ಹತ್ತಕ್ಕ ಹತ್ತು ಹಾಕ್ರಿ, ಕಮ್ಮಿ ಹಾಕಿದ್ರ ಮಕ್ಳು ನಗ್ತಾವು" ಎನ್ನುವವರೂ ಇದ್ದರು. ಜನರ ಜೊತೆ ಸಲಿಗೆ ಬೆಳೆಯಲಿ ಎಂದು ನಾನೂ ಅವರು ಕೊಟ್ಟ ಬೀಡಿ ಹಚ್ಚಲು ಶುರು ಮಾಡಿದೆ. ಸಂಶೋಧನೆಯಿಂದ ಬೀಡಿ ಬಿಟ್ಟವರನ್ನು ನಾನು ನೋಡಲಿಲ್ಲ. ಹೊಸದಾಗಿ ಹತ್ತಿಸಿಕೊಂಡವನನ್ನು ದಿನಾ ಕನ್ನಡಿಯಲ್ಲಿ ನೋಡುತ್ತಿದ್ದೆ.

ಇದಕ್ಕೆ ಹಿಂದಿನ ಸರ್ವೆಗಳಲ್ಲಿ ಕಾಗದದ ಫಾರಂ ಇತ್ತು. ಕಾಗದಕ್ಕೆ ಅಂಚು ಇರುತ್ತದೆ. ಉತ್ತರ ಡಬ್ಬಿಯೊಳಗೆ ಹಿಡಿಸದಿದ್ದರೆ ಅಂಚಿನಲ್ಲಿ ಬರೆಯಬಹುದಿತ್ತು: "ಧೂಮಪಾನ ಇಲ್ಲ ಅಂದರು, ಆದರೆ ಬೀಡಿ ಬಾಯಲ್ಲೇ ಇತ್ತು." ಟ್ಯಾಬಿಗೆ ಅಂಚಿಲ್ಲ. ಹೌದು ಒತ್ತು, ಇಲ್ಲ ಒತ್ತು, ಮುಂದಕ್ಕೆ ಹೋಗು. ಜೊತೆಗೆ ಅದು ನಮಗೆ ತಿಳಿಯದ ಹಾಗೆ ಆಗಾಗ ನಮ್ಮ ಮಾತು ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಪ್ರಶ್ನೆಯನ್ನು ಅಕ್ಷರ ಬಿಡದೆ ಓದಬೇಕು, ವಿವರಿಸಬಾರದು, ವಿವರಿಸಿದರೆ ಉತ್ತರವನ್ನು ನಾವೇ ಬಾಯಿಗೆ ಇಟ್ಟ ಹಾಗೆ ಎಂದು ತರಬೇತಿಯಲ್ಲಿ ಹೇಳಿದ್ದರು. ಮೇಲುನೋಟಕ್ಕೆ ನ್ಯಾಯವಾದ ಮಾತೇ. ಓದುವ ಪದ ಸರಿಯಿದ್ದರೆ ಮಾತ್ರ.

ಈಗ ಆ ಪದಕ್ಕೆ ಬರುತ್ತೇನೆ.

ಪ್ರಶ್ನೆಗಳನ್ನು ಇಂಗ್ಲಿಷಿನಿಂದ ತೆಲುಗಿಗೆ ಚೆನ್ನಾಗಿಯೇ ತಂದಿದ್ದರು. ತೆಲುಗಿನಿಂದ ಕನ್ನಡಕ್ಕೆ ತಂದವನು ಯಾರೋ ಗೊತ್ತಿಲ್ಲ, ಆ ಪುಣ್ಯಾತ್ಮ ಎರಡೂ ಭಾಷೆಗೆ ಲಿಪಿ ಮಾತ್ರ ಬೇರೆ ಎಂದುಕೊಂಡಿದ್ದ. ತೆಲುಗಿನ ಡಾಕ್ಟರುಗಳು ಮನಸ್ಸಿನ ಕಳವಳಕ್ಕೆ "ಆಂದೋಳನ" ಎನ್ನುತ್ತಾರೆ. ಅವರ ಪೇಪರುಗಳಲ್ಲಿ ಅದೇ ಪದಕ್ಕೆ ಧರಣಿ, ಚಳವಳಿ ಎಂಬ ಅರ್ಥವೂ ಇದೆ. ಕನ್ನಡದಲ್ಲಿ ಇರುವುದು ಆ ಎರಡನೆಯ ಅರ್ಥ ಒಂದೇ. ಈ ಮಹಾನುಭಾವ ಪದವನ್ನು ಹಾಗೇ ಎತ್ತಿ ತಂದು "ಆಂದೋಲನ" ಎಂದು ಕೂರಿಸಿದ್ದ. ನಮ್ಮ ಜನಕ್ಕೆ ದಿಗಿಲು ಇದೆ, ಎದೆ ಡವಗುಟ್ಟುವುದು ಇದೆ, ಜೀವ ತಳಮಳ ಅನ್ನುವುದು ಇದೆ, ಏನೂ ಇಲ್ಲದಿದ್ದರೆ ಟೆನ್ಷನ್ ಇದೆ. ಇಷ್ಟೆಲ್ಲ ಬಿಟ್ಟು ನಾನು ಸೇದುವವರ ಮುಂದೆ ಕುಳಿತು ಮುಷ್ಕರದ ಬಗ್ಗೆ ವಿಚಾರಿಸಬೇಕಾಯಿತು.

ರೊಳ್ಳದ ಹತ್ತಿರದ ಹಳ್ಳಿಯಲ್ಲಿ ಒಬ್ಬ ಅಜ್ಜಿ ಜಗಲಿ ಮೇಲೆ ಬೀಡಿ ಸೇದುತ್ತಾ ಕೂತಿದ್ದಳು. ಓದಿದೆ: "ಕಳೆದ ಎರಡು ವಾರಗಳಲ್ಲಿ ನಿಮಗೆ ಎಷ್ಟು ಬಾರಿ ಆಂದೋಲನ ಉಂಟಾಗಿದೆ?"

"ಅದ್ಯಾಕ್ ಕೇಳ್ತೀಯ ಮಗ. ಬೋರು ಕೆಟ್ಟಾಗ ಬಿಂದ್ಗೆ ಇಟ್ಕಂಡು ರೋಡಾಗೆ ಕುಂತಿದ್ವಿ. ಎಮ್ಮಾರ್ವೋ ಬಂದು ಟ್ಯಾಂಕರ್ ಬಿಡ್ತೀನಿ ಅಂದ. ಎದ್ ಬಂದ್ವಿ." ಎಮ್ಮಾರ್ವೋ ಅಂದರೆ ತಹಶೀಲ್ದಾರ.

ಮುಂದಿನ ಪ್ರಶ್ನೆ: "ಆಂದೋಲನವನ್ನು ಹತೋಟಿಯಲ್ಲಿಡಲು ನಿಮಗೆ ಕಷ್ಟವಾಯಿತೇ?"

"ನಮ್ಗೇನ್ ಕಷ್ಟ? ಕಷ್ಟ ಆಗಿದ್ದು ಎಮ್ಮಾರ್ವೋಗೆ!" ಎಂದು ಅಜ್ಜಿ ಹೊಗೆ ಬಿಟ್ಟು ನಕ್ಕಳು.

ಅದರ ಮುಂದಿನದು: "ಆಂದೋಲನದ ಸಮಯದಲ್ಲಿ ಹೆಚ್ಚು ಸೇದುತ್ತೀರಾ?"

"ಅಷ್ಟ್ ಜನದ್ ಮುಂದೆ ಹೆಂಗ್ಸು ಬೀಡಿ ಹಚ್ಚಾಕಾಯ್ತದೇನ್ಲಾ?"

ಹೀಗೆ ನಮ್ಮ ಮೊದಲ ಆವಿಷ್ಕಾರ ಆಯಿತು: ದಿಗಿಲಾದಾಗ ಜನ ಬೀಡಿ ಕಡಿಮೆ ಸೇದುತ್ತಾರೆ.

ನಮ್ಮ ಸೂಪರ್‌ವೈಸರ್ ಮಧು ಸಾರ್ ಅನಂತಪುರದವರು. ತೆಲುಗು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಅವರಿಗೆ ಈ ಪದದ ತಾಪತ್ರಯ ಹೇಳಿದೆ. ಅವರು ತೆಲುಗಿನಲ್ಲಿ ಹೇಳಿದ್ದು ಇಷ್ಟು: "ಏಮಯ್ಯಾ, ದೊಡ್ಡ ಡಾಕ್ಟರುಗಳು ಒಪ್ಪಿದ ಪ್ರಶ್ನೆ ಇದು. ಟೂಲ್ ಲಾಕ್ ಆಗಿದೆ, ಇನ್ನು ಪ್ರಶ್ನೆಯ ಒಂದು ಅಕ್ಷರವೂ ಬದಲಾಗುವುದಿಲ್ಲ. ನೀನು ಯಾವ ಮೆಡಿಕಲ್ ಕಾಲೇಜಿನಲ್ಲಿ ಓದಿದೆ?" ಮಡಕಶಿರಾ ಕನ್ನಡ ಮೀಡಿಯಂ ಸ್ಕೂಲು ಅಂದೆ. ಅವರು ನಕ್ಕರು. ನಾನೂ ನಕ್ಕೆ. ಆ ನಗು ಈಗ ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ತಡೆಯಲಾರದೆ ಕೆಲವು ಕಡೆ "ಆಂದೋಲನ ಅಂದರೆ ದಿಗಿಲು" ಎಂದು ಸೇರಿಸಿ ಓದಿದೆ. ಟ್ಯಾಬು ಚಾಡಿ ಹೇಳಿತು. ಎಲ್ಲರೆದುರು ನನ್ನ ದನಿಯನ್ನು ಸ್ಪೀಕರಿನಲ್ಲಿ ಹಾಕಿ ಕೇಳಿಸಿ, ಪದ ಬದಲಿಸಿದವನು ಎಂದು ನಿಲ್ಲಿಸಿ ಬೈದರು. ಇನ್ನೊಂದು ಸಲ ಹೀಗಾದರೆ ಮನೆಗೆ ಕಳಿಸುತ್ತೇವೆ ಅಂದರು.

ರಾಯದುರ್ಗಕ್ಕೆ ಹೋದದ್ದು ಆಮೇಲೆ. ಅಲ್ಲಿ ಸಂದಿ ಸಂದಿಗೂ ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್ಟುಗಳು. ತಗ್ಗು ಸೂರು, ಸಾಲು ಮಷೀನು, ನೀಲಿ ಧೂಳು, ಬಗ್ಗಿದ ಕುತ್ತಿಗೆಗಳು. ನೋವನ್ನು ಹುಡುಕಿಕೊಂಡು ಹೋಗುವುದೇ ಬೇಡ, ಬಾಗಿಲಲ್ಲೇ ಸಿಗುತ್ತದೆ. ಏಕಾಂತದಲ್ಲಿ ಮಾತಾಡಿಸಬೇಕು ಎಂದು ನಿಯಮ ಇತ್ತು. ಆದರೆ ಮನೆ ಮನೆ ಸುತ್ತಿದರೆ ತಡವಾಗುತ್ತದೆ, ಕೆಲಸದ ಜಾಗದಲ್ಲೇ ಮುಗಿಸು ಎಂದು ಮಧು ಸಾರ್ ಫೋನಿನಲ್ಲಿ ಅಪ್ಪಣೆ ಕೊಟ್ಟರು. ಯೂನಿಟ್ಟಿನ ಸಾವ್ಕಾರ, ಅಂದರೆ ಓನರ್, ಒಪ್ಪಿದ. ಶರತ್ತು ಒಂದೇ: "ನನ್ನ ಟೇಬಲ್ ಪಕ್ಕದಲ್ಲೇ ಕೂತು ಮಾತಾಡಿ, ನಾನು ಏನೂ ಅನ್ನಂಗಿಲ್ಲ."

ಆ ಯೂನಿಟ್ಟಿನಲ್ಲಿ ಕೂತವರು ಏಳುವಂತಿಲ್ಲ. ಬೀಡಿ ಸೇದುವವರು ಮಾತ್ರ ಬಟ್ಟೆಗೆ ಕಿಡಿ ಬೀಳಬಾರದು ಅಂತ ಹೊರಗೆ ಹೋಗಬಹುದು. ದಾರ ಕತ್ತರಿಸುತ್ತಿದ್ದ ಹೆಣ್ಣುಮಗಳೊಬ್ಬಳು ನನ್ನನ್ನು ನೋಡಿ, "ಸರ್ವೆ ಅಣ್ಣಾರ, ನಮಗೂ ಬೀಡಿ ಸೇದಾಕ ಕಲಿಸಿಕೊಡ್ರಿ. ಎದ್ದು ಹೊರಗ ಹೋಗಾಕ ನೆಪ ಬೇಕಲ್ರೀ" ಅಂದಳು. ಎಲ್ಲರೂ ನಕ್ಕರು. ನನಗೆ ತಲೆಯಲ್ಲಿ ಏನೋ ಹೊಳೆಯಿತು. ಸೇದಿದರೆ ನೋವು ಹಗುರಾಗುತ್ತದೆ ಎಂದು ಇವರು ಹೇಳುತ್ತಾರಲ್ಲ, ಹಗುರ ಮಾಡುವುದು ಬೀಡಿಯೋ, ಎದ್ದು ನಿಂತು ಕುತ್ತಿಗೆ ತಿರುಗಿಸಿದ್ದೋ? ನಮ್ಮ ಟ್ಯಾಬಿನಲ್ಲಿ ಆ ಪ್ರಶ್ನೆ ಇರಲಿಲ್ಲ. ಎದ್ದು ನಿಲ್ಲಲು ಬಿಡುತ್ತಾರಾ ಎಂದು ಯಾರೂ ಕೇಳಿಸಿರಲಿಲ್ಲ.

ನನ್ನ ಮುಂದೆ ಬಂದು ಕೂತವರಲ್ಲಿ ಒಬ್ಬರು ವೀರೇಶಪ್ಪ. ಹೆಸರು ಬದಲಿಸಿದ್ದೇನೆ. ನಲವತ್ತು ದಾಟಿದ ಟೈಲರ್, ಗುಮ್ಮಘಟ್ಟದಿಂದ ದಿನಾ ಶೇರ್ ಆಟೋದಲ್ಲಿ ಬರುವವರು. ಕುತ್ತಿಗೆಯಿಂದ ಬಲ ತೋಳಿನವರೆಗೆ ನೋವು. ಅವರಿಗೆ ಮೊದಲು ಒಪ್ಪಿಗೆಯ ಮಾತು ಓದಿದೆ: "ನಿಮ್ಮ ಉತ್ತರಗಳನ್ನು ಸಂಪೂರ್ಣ ಗೋಪ್ಯವಾಗಿ ಇಡಲಾಗುತ್ತದೆ." ಸಾವ್ಕಾರ ಸರಿಯಾಗಿ ಕೇಳಲಿ ಅಂತ ಕುರ್ಚಿ ಇತ್ತ ತಿರುಗಿಸಿಕೊಂಡ.

ಅಲ್ಲಿಯವರೆಗೆ ಆ ಯೂನಿಟ್ಟಿನ ಟೈಲರುಗಳೆಲ್ಲ ಆಂದೋಲನದ ಪ್ರಶ್ನೆಗೆ ಗಾಬರಿಯಿಂದ "ಇಲ್ರಿ, ಇಲ್ರಿ" ಅಂದು ಎದ್ದಿದ್ದರು. ವೀರೇಶಪ್ಪ ಮಾತ್ರ ಬೇರೆ. ಅವರು ನೋವಿಗೆ ಅಂತ ದೊಡ್ಡಾಸ್ಪತ್ರೆಗೆ ಹೋದಾಗ ತೆಲುಗು ಡಾಕ್ಟರು "ಆಂದೋಳನ ಪಡಬೇಡ" ಎಂದು ಹೇಳಿ ಕಳಿಸಿದ್ದರಂತೆ. ಹಾಗಾಗಿ ನನ್ನ ಪ್ರಶ್ನೆ ಅರ್ಥವಾದ ಒಬ್ಬರೇ ಒಬ್ಬ ಮನುಷ್ಯ ಅವರು. ಅದೇ ಅವರ ತಪ್ಪಾಯಿತು.

"ಎಷ್ಟು ಬಾರಿ ಆಂದೋಲನ ಉಂಟಾಗಿದೆ?"

"ದಿನಾ ಐತ್ರಿ. ಮಷೀನ್ ಮುಂದ ಕುಂತ ಕೂಡ್ಲೆ ಶುರು ಆಗ್ತೈತಿ."

ಸಾವ್ಕಾರನ ಕೈಯಲ್ಲಿದ್ದ ಕತ್ತರಿ ನಿಂತಿತು. ಟ್ಯಾಬು ಮುಂದಿನ ಪ್ರಶ್ನೆ ತೋರಿಸಿತು.

"ಆಂದೋಲನ ಎಷ್ಟು ದಿನದಿಂದ ಇದೆ?"

"ಹೊಲಿಗಿ ರೇಟು ಇಳಿಸಿದಾಗಿಂದ್ರಿ."

"ವೀರೇಶಪ್ಪಾರೆ, ಸ್ವಲ್ಪ ಯೋಚನೆ ಮಾಡಿ ಹೇಳಿ" ಅಂದೆ, ನಿಯಮ ಮುರಿದು.

"ಯೋಚನಿ ಏನೈತ್ರಿ ಇದರಾಗ? ನನಗ ಒಬ್ಬಗ ಅಲ್ಲ, ಇಲ್ಲಿ ಎಲ್ಲಾರಿಗೂ ಐತಿ. ಅವ್ರು ಬಾಯಿ ಬಿಟ್ಟು ಹೇಳಂಗಿಲ್ಲ, ಅಷ್ಟ."

ಯಾರೂ ತಲೆ ಎತ್ತಲಿಲ್ಲ. ಸಾವ್ಕಾರ ಕೊಟ್ಟ ಮಾತಿನಂತೆ ಏನೂ ಅನ್ನಲಿಲ್ಲ. ನನಗೆ ಚಹಾ ಕೂಡ ತರಿಸಿಕೊಟ್ಟ.

ಮಾರನೇ ದಿನ ವೀರೇಶಪ್ಪ ಹೋದಾಗ ಅವರ ಮಷೀನಿನ ಮೇಲೆ ಬೇರೆಯವನು ಕೂತಿದ್ದ. ನನಗೆ ಫೋನು ಮಾಡಿದ್ದು ಅವರ ಹೆಂಡತಿ ಗಂಗಮ್ಮ. "ಏನ್ರಿ ಅದು ನೀವು ಕೇಳಿದ್ದು? ನಮ್ಮ ಯಜಮಾನ್ರು ಸ್ಟ್ರೈಕು ಮಾಡ್ಸಾಕ ಹೊಂಟಾರ ಅಂತ ಕೆಲಸ ಬಿಡಿಸ್ಯಾರ. ಅವ್ರು ಸ್ಟ್ರೈಕು ಮಾಡೋ ಮನುಷ್ಯಾರೇನ್ರಿ? ಬಸ್ಸಿನಾಗ ಕಂಡಕ್ಟರ್ ಚಿಲ್ರಿ ಕೊಡದಿದ್ರೂ ಕೇಳಂಗಿಲ್ಲ ಅವ್ರು. ನೀವು ಬಂದು ಹೇಳ್ರಿ, ಈಗ್ಲೇ ಬರ್ರಿ."

ಹೋದೆ. ನನ್ನ ಶೌರ್ಯ ನೋಡಬೇಕಿತ್ತು. ದಾರಿಯುದ್ದಕ್ಕೂ ಸಿನಿಮಾ ಹೀರೋನ ಹಾಗೆ ಡೈಲಾಗ್ ಕಟ್ಟಿಕೊಂಡು ಹೋದವನು, ಯೂನಿಟ್ಟಿನ ತಗ್ಗು ಬಾಗಿಲಿಗೆ ಹಣೆ ಬಡಿದುಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡೇ ಒಳಗೆ ಹೋದೆ. ಸಾವ್ಕಾರನಿಗೆ ನಾನು ಮೊದಲೇ ಅಳುತ್ತಾ ಬಂದಿದ್ದೇನೆ ಅನಿಸಿರಬೇಕು.

"ಸಾವ್ಕಾರ್ರೆ, ಆ ಪದ ತಪ್ಪು. ಅದು ಮುಷ್ಕರ ಅಲ್ಲ, ಕಾಯಿಲೆ."

"ಯಾವ ಕಾಯಿಲಿ?"

"ಮನಸ್ಸಿಗೆ ದಿಗಿಲಾಗೋದು. ನೋವಿದ್ದವರಿಗೆ, ಸೇದೋವ್ರಿಗೆ ಬತ್ತದೆ."

"ಅಂದ್ರ ತಲಿ ಕೆಟ್ಟೈತಿ ಅವಂದು? ತಲಿ ಕೆಟ್ಟವನ ಕೈಯಾಗ ಕರೆಂಟ್ ಮಷೀನು ಕೊಡ್ಲೇನು ನಾನು?"

"ಅಯ್ಯೋ, ತಲೆ ಕೆಟ್ಟಿಲ್ಲ. ಎಲ್ಲರಿಗೂ ಇರುತ್ತೆ ಅದು."

"ಎಲ್ಲಾರಿಗೂ ಐತಿ ಅಂತ ಅವನೂ ಅಂದ, ನೀನೂ ಅಂತಿ. ಮತ್ತ ಸ್ಟ್ರೈಕ್ ಅಲ್ಲ ಅಂತಿ." ಅವನು ನಕ್ಕ. "ಆತು ತಮ್ಮಾ, ನಿಮ್ಮ ಆಫೀಸಿಂದ ಒಂದು ಲೆಟರ್ ತಗಂಬಾ. ನಾವು ಕೇಳಿದ್ದು ಇದು, ಅದಲ್ಲ ಅಂತ ಬರದಿರಬೇಕು. ಆವಾಗ ನೋಡಾಣ."

ನಾಲ್ಕು ಸಾಲಿನ ಕಾಗದ. ಅಷ್ಟೇ ಬೇಕಾಗಿದ್ದದ್ದು. ಮಧು ಸಾರ್ ನನ್ನನ್ನು ಡಾಕ್ಟರ್ ಮೇಡಂ ಹತ್ತಿರ ಕರೆದುಕೊಂಡು ಹೋದರು. ಯೋಜನೆಯ ಮುಖ್ಯಸ್ಥೆ ಅವರು. ಕೋಪಿಸಿಕೊಳ್ಳುವವರಲ್ಲ. ಬಹಳ ಮೆತ್ತಗೆ ಮಾತಾಡುತ್ತಾರೆ. ಕೂರಿಸಿ, ನೀರು ಕೊಟ್ಟು, ವಿವರಿಸಿದರು. ಒಬ್ಬ ವ್ಯಕ್ತಿ ನಮ್ಮ ಅಧ್ಯಯನದಲ್ಲಿ ಇದ್ದಾನೆ ಎಂದು ಬರೆದುಕೊಟ್ಟರೆ ಗೋಪ್ಯತೆ ಮುರಿದ ಹಾಗೆ ಆಗುತ್ತದಂತೆ. ಅದೂ ಅಲ್ಲದೆ, ಪದ ತಪ್ಪಿದೆ ಎಂದು ನಾವೇ ಬರೆದುಕೊಟ್ಟರೆ ಕನ್ನಡದಲ್ಲಿ ಸಂಗ್ರಹಿಸಿದ ಎಲ್ಲ ಉತ್ತರಗಳ ಗತಿ ಏನು?

"ಮೇಡಂ, ಗೋಪ್ಯತೆ ಅಂತೀರಲ್ಲ, ಮಾತಾಡಿದ್ದು ಓನರ್ ಟೇಬಲ್ ಪಕ್ಕದಲ್ಲಿ" ಅಂದೆ.

ಮೇಡಂ ಮಧು ಸಾರ್ ಕಡೆ ನೋಡಿದರು. ಮಧು ಸಾರ್ ನನ್ನ ಕಡೆ ನೋಡಿದರು. ನಾನು ನೋಡಲು ನನ್ನ ಕೆಳಗೆ ಯಾರೂ ಇರಲಿಲ್ಲ. ಹಾಗಾಗಿ ತಪ್ಪು ನನ್ನಲ್ಲೇ ಉಳಿಯಿತು.

"ಆ ಮನುಷ್ಯನಿಗೆ ಕೌನ್ಸೆಲಿಂಗ್ ಸೆಂಟರಿನ ನಂಬರ್ ಕೊಡಿ" ಎಂದು ಮೇಡಂ ಮೆತ್ತಗೆ ಹೇಳಿದರು. ಕೊಟ್ಟೆ. ಗಂಗಮ್ಮ ಆ ನಂಬರಿಗೆ ಫೋನು ಮಾಡಿದರೆ ತೆಲುಗಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ ಅಂತ ಬರುತ್ತಿತ್ತಂತೆ. "ಕೆಲಸಕ್ಕ ಯಾವುದು ಒತ್ತಬೇಕ್ರಿ?" ಎಂದು ನನ್ನನ್ನು ಕೇಳಿದರು.

ಕೆಲವು ತಿಂಗಳು ಕಳೆದು ಎರಡನೇ ಸುತ್ತು ಬಂತು. ಅದೇ ಜನರನ್ನು ಅದೇ ಪ್ರಶ್ನೆ ಕೇಳಬೇಕು. ಈ ಸಲ ಊದುವ ಮಿಷನ್ ಇಲ್ಲ. ಬಾಯಲ್ಲಿ ಹೇಳಿದ್ದೇ ಸಾಕು ಎಂದು ಆಫೀಸು ತೀರ್ಮಾನಿಸಿತ್ತು. ವೀರೇಶಪ್ಪನವರನ್ನು ಹುಡುಕಿಕೊಂಡು ಗುಮ್ಮಘಟ್ಟಕ್ಕೆ ಹೋದೆ. ಅವರು ಮನೆ ಬಾಗಿಲಲ್ಲಿ ಹಳೇ ಕಾಲ್ಮಷೀನಿನ ಮೇಲೆ ಯಾರದೋ ಸ್ಕೂಲ್ ಬ್ಯಾಗು ಹೊಲಿಯುತ್ತಿದ್ದರು. ಪಕ್ಕದಲ್ಲಿ ಕಟ್ಟೆ ಮೇಲೆ ಸಾವ್ಕಾರನ ಮೇಸ್ತ್ರಿ ಕಾಲು ಮೇಲೆ ಕಾಲು ಹಾಕಿಕೊಂಡು ಕೂತಿದ್ದ.

"ಸೀಜನ್ ಬಂತಲ್ರಿ, ಆರ್ಡರ್ ಭಾಳ ಅದಾವು" ಅಂದ ಮೇಸ್ತ್ರಿ. "ಸಾವ್ಕಾರ್ರು ಹೇಳಿ ಕಳ್ಸ್ಯಾರ. ಸರ್ವೆದವ್ರ ಮುಂದ ಈ ವೀರೇಶಿ ಏನು ಹೇಳ್ತಾನ ಕೇಳ್ಕಂಬಾ, ಸರಿ ಹೇಳಿದ್ರ ನಾಳಿಂದ ಬರಲಿ ಅಂದಾರ."

ನಾನು ಬೇರೆ ದಿನ ಬರುತ್ತೇನೆ ಅಂದೆ. ವೀರೇಶಪ್ಪ ನನ್ನ ಕೈ ಹಿಡಿದರು. "ಬ್ಯಾಡ್ರಿ. ಇವತ್ತ ಕೇಳ್ರಿ. ಇವರ ಮುಂದನ ಕೇಳ್ರಿ."

ಒಳಗಿನಿಂದ ಗಂಗಮ್ಮ ಬಾಗಿಲಿಗೆ ಬಂದು ನಿಂತರು. ಓದಿದೆ.

"ನೋವು ಇದೆಯಾ?"

"ಇಲ್ರಿ." ಎಡಗೈ ಕುತ್ತಿಗೆ ಮೇಲೇ ಇತ್ತು. ತೆಗೆದು ತೊಡೆ ಮೇಲೆ ಇಟ್ಟುಕೊಂಡರು.

"ಬೀಡಿ ಸೇದುತ್ತೀರಾ?"

"ಬಿಟ್ಟೀನ್ರಿ."

"ಪೂರ್ತಿ ಬಿಟ್ಟಾನ" ಎಂದು ಮೇಸ್ತ್ರಿ ಬಾಯಿ ಹಾಕಿದ. "ಬೀಡಿಗೆ ಅಂತ ಎದ್ದು ಹೋಗಂಗಿಲ್ಲ ಅಂತ ಒಪ್ಕಂಡಾನ."

"ಆಂದೋಲನ?"

ವೀರೇಶಪ್ಪ ಮೇಸ್ತ್ರಿಯ ಕಡೆ ನೋಡಲಿಲ್ಲ, ಹೆಂಡತಿಯ ಕಡೆಯೂ ನೋಡಲಿಲ್ಲ. ನನ್ನನ್ನೇ ನೋಡುತ್ತಾ, "ಯಾವತ್ತೂ ಇದ್ದಿದ್ದಿಲ್ರಿ. ಆವತ್ತು ನನಗ ತಿಳೀದ ಹೇಳಿದ್ದೆ. ಹಂಗ ಬರ್ಕಳ್ರಿ" ಅಂದರು.

ಟ್ಯಾಬಿಗೆ ಅಂಚಿರಲಿಲ್ಲ. ಇಲ್ಲ, ಇಲ್ಲ, ಇಲ್ಲ ಒತ್ತಿದೆ. ಪ್ರತಿ ಸಲ ಒತ್ತಿದಾಗಲೂ ಹಸಿರು ಗೆರೆ ಮೂಡಿ ಅದು ಖುಷಿಪಟ್ಟಿತು. ಮೇಸ್ತ್ರಿ ಎದ್ದು ವೀರೇಶಪ್ಪನವರ ಬೆನ್ನು ತಟ್ಟಿದ. ತಟ್ಟಿದ ನೋವಿಗೆ ಅವರು ಮುಖ ಹಿಂಡಿದ್ದನ್ನು ಗಂಗಮ್ಮ ನೋಡಿದರು, ನಾನು ನೋಡಿದೆ.

ಅನಂತಪುರದ ಕೊನೆಯ ಮೀಟಿಂಗಿನಲ್ಲಿ ದೊಡ್ಡ ಪರದೆ, ದೊಡ್ಡ ಜನ, ಗೋಡಂಬಿ ಬಿಸ್ಕತ್ತು. ಕನ್ನಡ ಮಾತಾಡುವ ಸೇದುವವರಲ್ಲಿ ಆತಂಕ ಬಹಳ ಕಡಿಮೆ ಎಂದು ಮೇಡಂ ತೋರಿಸಿದರು. ಕಾರಣ ಏನಿರಬಹುದು? ಕೂಡು ಕುಟುಂಬ, ಹಬ್ಬ ಹರಿದಿನ, ಸರಳ ಜೀವನ ಎಂದು ಯಾರೋ ಹೇಳಿದರು. ತಲೆಗಳು ಅಲ್ಲಾಡಿದವು. ಆಮೇಲೆ ಒಂದು ಮಾದರಿ ಪ್ರಕರಣ ಬಂತು. ಹೆಸರಿಲ್ಲ. ರಾಯದುರ್ಗ, ಟೈಲರ್, ಪುರುಷ. ಮೊದಲ ಸುತ್ತಿನಲ್ಲಿ ಬೀಡಿ ಇತ್ತು, ನೋವಿತ್ತು, ದಿನವೂ ಆತಂಕ. ಎರಡನೇ ಸುತ್ತಿನಲ್ಲಿ ಬೀಡಿ ಬಿಟ್ಟಿದ್ದಾರೆ, ನೋವು ಇಲ್ಲ, ಆತಂಕ ಇಲ್ಲ. ಸುತ್ತು ತುಂಡಾಗಿದೆ, ನೋಡಿ! ಚಪ್ಪಾಳೆ.

ನಾನು ಎದ್ದು ನಿಂತೆ. ರಾತ್ರಿಯೆಲ್ಲ ಮನಸ್ಸಿನಲ್ಲೇ ಬರೆದುಕೊಂಡಿದ್ದ ಭಾಷಣ ಎದ್ದು ನಿಲ್ಲುವಷ್ಟರಲ್ಲಿ ಹಾರಿಹೋಯಿತು. ದನಿ ಕೀರಲಾಯಿತು. ಕನ್ನಡದಲ್ಲಿ ಶುರು ಮಾಡಿ, ತೆಲುಗಿಗೆ ಜಾರಿ, ಇಂಗ್ಲಿಷಿನಲ್ಲಿ ಮುಗ್ಗರಿಸಿದೆ. ಕೈ ಬೀಸಿದ ರಭಸಕ್ಕೆ ನೀರಿನ ಬಾಟಲಿ ಬಿಸ್ಕತ್ತಿನ ತಟ್ಟೆಯೊಳಗೆ ಉರುಳಿತು. ಆದರೂ ಹೇಳಬೇಕಾದದ್ದು ಹೇಳಿದೆ. "ಮೇಡಂ, ಆ ಮನುಷ್ಯನಿಗೆ ಏನೂ ವಾಸಿ ಆಗಿಲ್ಲ. ಅವರು ನಿಜ ಹೇಳಿದಾಗ ಕೆಲಸ ಹೋಯಿತು. ಸುಳ್ಳು ಹೇಳಿದಾಗ ಕೆಲಸ ಬಂತು. ನೀವು ತೋರಿಸ್ತಿರೋದು ಅದನ್ನ."

"ನಿಮಗೆ ಸುಸ್ತಾಗಿರಬೇಕು" ಅಂದರು ಮೇಡಂ, ಅದೇ ಮೆತ್ತನೆಯ ದನಿಯಲ್ಲಿ. ಮಧು ಸಾರ್ ತೋಳು ಹಿಡಿದು ಹೊರಗೆ ಕರೆತಂದರು. ಆವತ್ತೇ ಟ್ಯಾಬು, ಚಾರ್ಜರು ವಾಪಸು. ಪರದೆಯ ಮೇಲಿನ ಆ ಪುಟವನ್ನು ತೆಗೆದರೋ ಇಲ್ಲವೋ ನನಗೆ ಯಾರೂ ಹೇಳಲಿಲ್ಲ. ತೆಗೆದಿರಲಾರರು. ಅಷ್ಟು ಚೆಂದ ಇತ್ತು ಅದು.

ಹೊಸಬರೇ, ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಎಮ್ಮೆಯನ್ನೂ ಹೆದರಿಸಿ ಓಡಿಸಿದ ಇನ್ವೆಸ್ಟಿಗೇಟರ್ ನಾನು. ಆದರೂ ಒಂದು ಮಾತು. ನಿಮ್ಮ ಬಾಯಿಗೆ ಬಂದ ಪದ ಎದುರಿನವರ ಕಿವಿಗೆ ಏನಾಗಿ ಬೀಳುತ್ತಿದೆ ಎಂದು ನಿಮಗೆ ಗೊತ್ತಾಗುತ್ತದೆ, ಯಾಕೆಂದರೆ ನೀವು ಅಲ್ಲಿ ಕೂತಿರುತ್ತೀರಿ. ಮೇಲಿನವರು ಕೂತಿರುವುದಿಲ್ಲ. ಅವರು ಟೂಲ್ ಲಾಕ್ ಆಗಿದೆ ಅಂದಾಗ ನನ್ನ ಹಾಗೆ ಹಲ್ಲು ಕಿಸಿಯಬೇಡಿ. ಅಲ್ಲೇ ಜಗಳ ಆಡಿ. ಯೂನಿಟ್ಟಿಗೆ ಹೋಗುವ ಮೊದಲು ಆಡಿ.

ಕೆಲಸ ಬಿಟ್ಟು ಬಹಳ ದಿನವಾದ ಮೇಲೆ ಮೊಬೈಲ್ ಸಾಮಾನು ತರಲು ರಾಯದುರ್ಗಕ್ಕೆ ಹೋಗಿದ್ದೆ. ಸಂಜೆ ಯೂನಿಟ್ಟು ಬಿಡುವ ಹೊತ್ತಿಗೆ ಆಟೋ ಸ್ಟ್ಯಾಂಡಿನಲ್ಲಿ ನಿಂತೆ. ವೀರೇಶಪ್ಪ ಬಂದರು, ತಲೆ ಒಂದು ಕಡೆಗೆ ವಾಲಿತ್ತು. ನನ್ನನ್ನು ಕಂಡು ನಿಂತರು. ಮೊದಲು ನೋಡಿದ್ದು ನನ್ನ ಕೈಗಳನ್ನು.

"ಟ್ಯಾಬು ಇಲ್ಲ ವೀರೇಶಪ್ಪಾರೆ. ಆ ಕೆಲಸ ಬಿಡ್ಸಿದ್ರು. ಸುಮ್ನೆ ನೋಡೋಣ ಅಂತ ಬಂದೆ. ಹೆಂಗಿದೀರಿ?"

"ಬರ್ಕಳಂಗಿಲ್ಲಲ್ರೀ?"

"ಇಲ್ಲ."

"ಯಾರಿಗೂ ಹೇಳಂಗಿಲ್ಲಲ್ರೀ?"

"ಇಲ್ಲ."

ಅವರು ಆಟೋದ ಹಿಂದಿನ ಸೀಟಿನಲ್ಲಿ ಸರಿದು ನನಗೆ ಜಾಗ ಮಾಡಿದರು. ನಾನು ಹೋಗಬೇಕಾದ ದಾರಿ ಅದಲ್ಲ, ಆದರೂ ಹತ್ತಿ ಕೂತೆ. ಊರು ದಾಟಿದ ಮೇಲೆ ಶುರು ಮಾಡಿ, ಗುಮ್ಮಘಟ್ಟ ಬರುವವರೆಗೂ ನಿಲ್ಲಿಸದೆ ಮಾತಾಡಿದರು. ಏನು ಹೇಳಿದರು ಎಂದು ನಾನು ಬರೆಯುವುದಿಲ್ಲ.